ಬಾಯಿ ಮುಚ್ಚದ ಕೌದಿ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಈ ಸಂಗತಿಯನ್ನು ಯಾರು ಹೇಳಿದರೂ ನನ್ನ ತಪ್ಪಿನಿಂದಲೇ ಶುರು ಮಾಡುತ್ತಾರೆ. ನಾನು ಹೇಳುವಾಗ ಮಾತ್ರ ಮಲ್ಲಿಗೆ, ಬಿಸಿಲು, ಬಸ್ಸು ಅಂತ ಊರೆಲ್ಲ ಸುತ್ತಿ ಕೊನೆಗೆ ಅಲ್ಲಿಗೆ ಬರುತ್ತೇನೆಂಬ ದೂರಿದೆ. ಆದ್ದರಿಂದ ಕೇಳಿ. ಆಗ ನನಗೆ ಇಪ್ಪತ್ತು ವರ್ಷ, ಮೀಸೆ ಬಂದಿತ್ತು, ಬಿ.ಎ.ಯಲ್ಲಿ ಇತಿಹಾಸದ ಪತ್ರಿಕೆಯೊಂದು ಬಾಕಿ ಉಳಿದಿತ್ತು. ಅಂಥ ಗಂಡಸು, ಇನ್ನೂ ಹುಟ್ಟದ ಕೂಸಿಗೆಂದು ಹೊಲಿಯುತ್ತಿದ್ದ ಕೌದಿಯನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದುಕೊಂಡು, ಹಿತ್ತಲ ಮಲ್ಲಿಗೆ ಚಪ್ಪರದ ಕೆಳಗೆ ನಿಂತು, ಅಕ್ಕನ ಅತ್ತೆಯ ದನಿಯಲ್ಲಿ ನರಳಿದೆ. ಅಕ್ಕನ ಅತ್ತೆ ಹಿತ್ತಲ ಬಾಗಿಲಲ್ಲೇ ನಿಂತಿದ್ದರು.

ನಡೆದದ್ದು ಇಷ್ಟೇ. ಉಳಿದದ್ದೆಲ್ಲ ದಣಿವು.

ಎಂಬತ್ತರ ದಶಕದ ಶುರುವಿನ ಮಾತು. ನಾವಿದ್ದದ್ದು ಹೂವಿನ ಹಡಗಲಿಯಲ್ಲಿ. ನಮ್ಮದು ಹೂ ಬೆಳೆದು ಮಾರುವ ಮನೆಯಲ್ಲ. ಅಪ್ಪ ಸರಕಾರಿ ಗುಮಾಸ್ತ. ಆದರೂ ಆ ಊರಿನಲ್ಲಿದ್ದು ಹಿತ್ತಲಲ್ಲಿ ಮಲ್ಲಿಗೆ ಇಲ್ಲ ಎಂದರೆ ನೆಂಟರು ಅನುಮಾನದಿಂದ ನೋಡುತ್ತಾರೆ. ಅವ್ವ ಹನ್ನೊಂದು ಗಿಡ ಇಟ್ಟಿದ್ದಳು. ಚಳಿ ಬಿದ್ದಾಗ ನೀರು ನಿಲ್ಲಿಸಿ, ಎಲೆ ತರಿದು, ಟೊಂಗೆ ಕತ್ತರಿಸಿ ಅವುಗಳನ್ನು ಬೋಳು ಮಾಡಿಬಿಡುತ್ತಿದ್ದಳು. ನೋಡಿದವರಿಗೆ ಹನ್ನೊಂದು ಹಳೆಯ ಪೊರಕೆಗಳನ್ನು ತಲೆಕೆಳಗಾಗಿ ನೆಟ್ಟಂತೆ ಕಾಣಬೇಕು. ಶಿವರಾತ್ರಿಯ ಹೊತ್ತಿಗೆ ಬುಡ ಕೆದರಿ ನೀರು ಬಿಟ್ಟರೆ ಅದೇ ಪೊರಕೆಗಳು ಮೈ ತುಂಬಾ ಚಿಗುರು ಹೊದ್ದು, ಯುಗಾದಿಯ ಆಸುಪಾಸಿನಲ್ಲಿ ಮೊಗ್ಗಿನ ಭಾರಕ್ಕೆ ಚಪ್ಪರದಿಂದ ಜೋಲುತ್ತಿದ್ದವು. ಪಕ್ಕದಲ್ಲಿ ಎರಡು ಕೆಂಪು ದಾಸವಾಳ, ಬಚ್ಚಲ ನೀರು ಹರಿಯುವಲ್ಲಿ ಸುಗಂಧರಾಜ, ಗೋಡೆಯಾಚೆ ಪಕ್ಕದ ಮನೆಯ ಬೇವು. ಬೇವು ಹೂ ಉದುರಿಸತೊಡಗಿದರೆ ನಮ್ಮ ಹಿತ್ತಲ ನೆಲ ಜೋಳದ ಹಿಟ್ಟು ಚೆಲ್ಲಿದಂತಿರುತ್ತಿತ್ತು. ಅವ್ವ ಬೆಳಿಗ್ಗೆ ಗುಡಿಸುವಳು, ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಸಂಜೆ ಪೊರಕೆ ಹಿಡಿದು ಒಂದು ಗಳಿಗೆ ಮರವನ್ನು ನೋಡಿ, "ಇರ್ಲಿ ಬಿಡು, ಬಿದ್ದಿರ್ಲಿ" ಎನ್ನುವಳು.

ಮೊಗ್ಗು ಬಿಡಿಸುವುದು ಬೆಳಗಿನ ಕೆಲಸ. ಬಿಸಿಲೇರಿದರೆ ಅರಳಿಬಿಡುತ್ತವೆ. ಅವ್ವ ಕರೆಯುತ್ತಿದ್ದಳು, "ಏಳಲೇ, ಎರಡು ಗಿಡಾನಾದ್ರೂ ನೀ ನೋಡು." ನಾನು ಹಾಸಿಗೆಯಿಂದಲೇ ಅಪ್ಪನ ಕೆಮ್ಮನ್ನು ಅನುಕರಿಸಿ, ಅಪ್ಪನ ದನಿಯಲ್ಲಿ, "ಹುಡುಗ ದಣದಾನ, ಮಲಗ್ಲಿ ಬಿಡು" ಎನ್ನುತ್ತಿದ್ದೆ. ಒಂದೆರಡು ಸಲ ಅವ್ವ ಮೋಸಹೋದಳು. ಮೂರನೆಯ ಸಲ ಅಪ್ಪ ಪಕ್ಕದಲ್ಲೇ ನಿಂತು ಹಲ್ಲುಜ್ಜುತ್ತಿದ್ದರು.

ನನ್ನ ವಿದ್ಯೆ ಅದೊಂದೇ. ಬಸ್ಸಿನ ಕಂಡಕ್ಟರು, ಇತಿಹಾಸದ ಮೇಷ್ಟ್ರು, ಓಣಿಯ ಆಡು, ಪಕ್ಕದ ಮನೆ ಅಜ್ಜಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನಪಾಸಾದ ದಿನ ನಾನು ನಪಾಸಾದ ಸುದ್ದಿಯನ್ನು ಅಪ್ಪನಿಗೆ ಹೇಗೆ ಹೇಳಿದೆ ಎಂಬುದನ್ನು ನಾನೇ ಅಭಿನಯಿಸಿ ತೋರಿಸಿದ್ದೆ. ಅಪ್ಪನನ್ನು ಬಿಟ್ಟು ಎಲ್ಲರೂ ನಕ್ಕಿದ್ದರು. ಅದನ್ನು ಬಿಟ್ಟರೆ ದಿನವಿಡೀ ನನಗೆ ಕೆಲಸವಿರಲಿಲ್ಲ. ಕೆಲಸವಿಲ್ಲದೆಯೂ ಸಂಜೆಯ ಹೊತ್ತಿಗೆ ಸುಸ್ತಾಗುತ್ತಿತ್ತು. ಅದು ನಿಜವಾದ ಸುಸ್ತು ಎಂದು ನಾನು ನಂಬಿದ್ದೆ.

ಅಕ್ಕ ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಕೊಟ್ಟೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆಂದು ಬಂದಳು. ಮಧ್ಯಾಹ್ನದ ಊಟವಾದ ಮೇಲೆ ಅವಳು, ಅವ್ವ, ಪಕ್ಕದ ಮನೆ ಅಜ್ಜಿ ಮೂವರೂ ಚಪ್ಪರದ ಕೆಳಗೆ ಚಾಪೆ ಹಾಕಿ ಕೂಸಿನ ಕೌದಿ ಹೊಲಿಯಲು ಕೂಡುತ್ತಿದ್ದರು. ಅವ್ವನ ಹಳೆಯ ಸೀರೆ, ಅಪ್ಪನ ಧೋತರ, ಅಕ್ಕನ ಲಂಗದ ತುಂಡು, ಎಲ್ಲ ಪದರ ಪದರವಾಗಿ ಹಾಸಿ, ಅಂಚು ಮಡಚಿ, ಅಂಚಿನಿಂದ ನಡುವಿನ ಕಡೆಗೆ ಸಣ್ಣ ಸಣ್ಣ ಹೊಲಿಗೆ. ಒಬ್ಬೊಬ್ಬರು ಒಂದೊಂದು ಬದಿ ಹಿಡಿಯಬೇಕು. ಮಾತು ಹೆಚ್ಚಿರಲಿಲ್ಲ. ಅವ್ವ ಬೆಳಗಿನಿಂದ ನಿಂತೇ ಇದ್ದವಳು. ಹೊಲಿಯಲು ಕೂತಾಗಲೇ ಅವಳ ಕಾಲಿಗೆ ಬಿಡುವು. ಅಕ್ಕನಿಗೆ ಹೊಟ್ಟೆಯ ಭಾರ. ಅಜ್ಜಿಗೆ ದಾರ ಪೋಣಿಸಿಕೊಟ್ಟರೆ ಸಾಕು, ಕಣ್ಣು ಮುಚ್ಚಿಕೊಂಡೇ ಹೊಲಿಯುತ್ತಿದ್ದಳು. ತಲೆಯ ಮೇಲೆ ಮೊಗ್ಗು, ಮಡಿಲಲ್ಲಿ ಬಣ್ಣದ ತುಂಡು. ಆಗೊಮ್ಮೆ ಈಗೊಮ್ಮೆ ಬೇವಿನ ಹೂ ಗಾಳಿಗೆ ಬಂದು ಕೌದಿಯ ಮೇಲೆ ಕೂತರೆ ಅಕ್ಕ ಅದನ್ನು ಕೊಡವುತ್ತಿರಲಿಲ್ಲ, ಅದರ ಪಕ್ಕದಲ್ಲೇ ಹೊಲಿಗೆ ಹಾಕುತ್ತಿದ್ದಳು. ದಣಿದವರು ಹೂವನ್ನು ನೋಡುವ ರೀತಿಯೇ ಬೇರೆ. ಹೊಗಳುವುದಿಲ್ಲ, ಮೂಸಿ ಕಣ್ಣು ಅರಳಿಸುವುದಿಲ್ಲ. ಅದರ ಹತ್ತಿರ ಸುಮ್ಮನೆ ಕೂತಿರುತ್ತಾರೆ.

ನಮ್ಮ ಓಣಿಯಲ್ಲಿ ಕೂಸಿನ ಕೌದಿಗೊಂದು ಕಟ್ಟಳೆ. ಮೂರು ಮೂಲೆಗೆ ತವರಿನ ಬಟ್ಟೆ. ನಾಲ್ಕನೆಯ ಮೂಲೆಗೆ ಕೂಸಿನ ತಂದೆಯ ತಾಯಿ ಉಟ್ಟು ಬಿಟ್ಟ ಸೀರೆಯ ತುಂಡು. ಅದು ಬರುವ ತನಕ ಆ ಮೂಲೆಯನ್ನು ತೆರೆದಿಡಬೇಕು, ಸೂಜಿಯನ್ನು ಅಲ್ಲೇ ಚುಚ್ಚಿಡಬೇಕು. ಕೊನೆಗೆ ಅದರೊಳಗೆ ಒಂದು ಚಿಟಿಕೆ ಜೋಳ, ಆ ಕಾಲದಲ್ಲಿ ಅರಳಿದ ಒಂದು ಹೂ ಹಾಕಿ ತುಂಡಿನಿಂದ ಬಾಯಿ ಮುಚ್ಚಿ ಹೊಲಿದರೆ ಕೌದಿ ಮುಗಿದಂತೆ. ಎರಡೂ ಮನೆಯ ಬಟ್ಟೆ ಇದ್ದರೆ ಕೂಸು ಎರಡೂ ಮನೆಯಲ್ಲಿ ನಿದ್ದೆ ಮಾಡುತ್ತದಂತೆ.

ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ನಾನು ಕೌದಿಯ ಮೇಲೆ ಮೊಣಕೈ ಊರಿ ಒರಗಲು ಹೋದಾಗ ಅಜ್ಜಿ ಅದನ್ನು ಹೇಳಿದಳು. "ಏ, ಸರಿ ಅತ್ತಾಗ! ಬಾಯಿ ಮುಚ್ಚದ ಕೌದಿನ ಯಾರೂ ಹೊದಿಯಂಗಿಲ್ಲ, ಹಾಸಂಗಿಲ್ಲ. ಹೊದ್ದವ್ರ ದಣಿವು ಅದರೊಳಗ ಇಳೀತತಿ. ಆಮ್ಯಾಲ ಬಾಯಿ ಹೊಲಿದ್ರ ಒಳಗಾ ಉಳೀತತಿ. ಕೂಸು ಹುಟ್ಟತಲೇ ದಣದಿರ್ತತಿ."

"ಹಂಗಾರ ಅಜ್ಜಿ, ಈ ಓಣಿಯಾಗಿನ ಕೌದಿ ಎಲ್ಲಾನೂ ಯಾರೋ ಮೊದಲಾ ಹೊದ್ದುಬಿಟ್ಟಾರ. ಇಲ್ಲಿ ಹುಟ್ಟಿದವ್ರೆಲ್ಲಾ ತೊಟ್ಟಿಲದಾಗಿಂದ ದಣದವ್ರಾ ಅದಾರ" ಎಂದೆ ನಾನು.

"ಮೊದಲ ನಿನ್ನ ಬಾಯಿ ಹೊಲಿಬೇಕು ನೋಡಲೇ, ಕೌದಿ ಆಮ್ಯಾಲ" ಎಂದಳು ಅಜ್ಜಿ, ಕಣ್ಣು ತೆರೆಯದೆ.

ಮೂರು ಮೂಲೆ ಮುಗಿದವು. ನಾಲ್ಕನೆಯದು ತೆರೆದೇ ಉಳಿಯಿತು. ಕೊಟ್ಟೂರಿನಿಂದ ಸೀರೆ ಬರಲಿಲ್ಲ.

ಅಕ್ಕನ ಅತ್ತೆಯ ಬಗ್ಗೆ ಇಲ್ಲಿ ಹೇಳಬೇಕು. ಗಂಡ ತೀರಿಕೊಂಡ ಮೇಲೆ ಓಣಿಯ ಹೆಂಗಸರ ರವಿಕೆ ಹೊಲಿದು ಮಗನನ್ನು ಓದಿಸಿದ ಹೆಂಗಸು. ಹೆಣ್ಣು ನೋಡಲು ಬಂದ ದಿನ ಅವರು ಅಕ್ಕನ ಮುಖಕ್ಕಿಂತ ಮೊದಲು ನೋಡಿದ್ದು ನಮ್ಮ ರೇಡಿಯೋದ ಮೇಲೆ ಹಾಸಿದ್ದ ಕಸೂತಿ ಬಟ್ಟೆಯನ್ನು. ಅಕ್ಕ ಅದರಲ್ಲಿ ಎರಡು ಹಂಸ ಹೊಲಿದಿದ್ದಳು. ನನ್ನ ಕಣ್ಣಿಗೆ ಅವು ಜಗಳಕ್ಕೆ ನಿಂತ ಕೋಳಿಗಳು. ಬೀಗತಿ ಬಟ್ಟೆಯನ್ನು ಎತ್ತಿ ತಿರುವಿ ಹಾಕಿ, ಹಿಂಬದಿಯನ್ನು ಬೆಳಕಿಗೆ ಹಿಡಿದು, "ಮುಂದಿಂದು ಎಲ್ಲಾರೂ ಚಂದ ಮಾಡ್ತಾರವಾ, ಹಿಂದ ಹೆಂಗದ ನೋಡಬೇಕು" ಎಂದರು. ಹಿಂದೆ ಗಂಟು ಕಾಣಲಿಲ್ಲ. ತಲೆದೂಗಿ ಉಪ್ಪಿಟ್ಟು ತಿಂದರು. ಮದುವೆ ನಿಶ್ಚಯವಾಯಿತು. ಅಕ್ಕನನ್ನೂ ಬೆಳಕಿಗೆ ಹಿಡಿದು ತಿರುವಿ ನೋಡಿಯಾರೆಂದು ನಾನು ಕಾದಿದ್ದೆ, ಹಾಗೇನೂ ಆಗಲಿಲ್ಲ.

ಅವರ ಇನ್ನೊಂದು ವಿಶೇಷ ದಣಿವು. ಬಂದು ಕಟ್ಟೆಯ ಮೇಲೆ ಕೂತರೆಂದರೆ ಕಾಲಿನ ಹೆಬ್ಬೆರಳಿನಿಂದ ಶುರು. "ಬಳ್ಳು ಹೋದವವಾ. ಹಿಮ್ಮಡ ಹೋದವು. ಮೊಣಕಾಲು ಕೇಳಬ್ಯಾಡ. ನಡ ಅಂತೂ ನಂದಲ್ಲ. ಹೆಗಲು ಸೇದತಾವು, ಕಣ್ಣು ಮಬ್ಬು, ನೆತ್ತಿ ಉರಿ. ದಣದೆ ನೋಡವಾ, ದಣದೆ." ಕೆಳಗಿನಿಂದ ಮೇಲಕ್ಕೆ, ಯಾವತ್ತೂ ಅದೇ ಕ್ರಮ. ಮೊಣಕಾಲಿಗಿಂತ ಮೊದಲು ನಡ ಬಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ನನಗೆ ಅದು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಸಂಕ್ರಾಂತಿಯ ನಂತರ ಅಕ್ಕನನ್ನು ಬಸ್ಸು ಹತ್ತಿಸಲು ಬಂದಾಗ ಅವರು ಬಸ್ ನಿಲ್ದಾಣದಲ್ಲೂ ಇದನ್ನೇ ಶುರು ಮಾಡಿದರಂತೆ. ಅಕ್ಕ ಬೆಳಗಿನಿಂದ ಮೂರು ರವಿಕೆಗೆ ಗುಂಡಿ ಹಾಕಿ, ಅಡುಗೆ ಮಾಡಿಟ್ಟು, ಏಳು ತಿಂಗಳ ಹೊಟ್ಟೆ ಹೊತ್ತು ನಿಂತಿದ್ದವಳು. ಬಾಯಿ ತಪ್ಪಿ, "ನನಗೂ ದಣಿವಾಗೈತ್ರಿ ಅತ್ತೀ" ಎಂದುಬಿಟ್ಟಳು. ಬೀಗತಿ "ಹೌದೇನವಾ" ಎಂದರು. ಅಷ್ಟೇ. ಬಸ್ಸು ಬಿಡುವ ತನಕ ಮತ್ತೊಂದು ಮಾತಿಲ್ಲ. ಆಮೇಲೆ ಎರಡು ತಿಂಗಳು ಕಾಗದವಿಲ್ಲ, ಸೀರೆಯಿಲ್ಲ. ಭಾವ ಒಮ್ಮೆ ಬಾಳೆಹಣ್ಣಿನ ಗೊನೆಯೊಂದಿಗೆ ಬಂದಿದ್ದರು. ಅಕ್ಕ ಸೀರೆಯ ಮಾತು ತೆಗೆದರೆ, "ಅವ್ವನ್ನ ಕೇಳು" ಎಂದು ಇನ್ನೊಂದು ಬಾಳೆಹಣ್ಣು ಸುಲಿದರು.

ಅಕ್ಕನಿಗೆ ಆ ತುಂಡು ಬಟ್ಟೆಯೇ ಆ ಮನೆಯ ಕರೆಯಾಗಿಬಿಟ್ಟಿತು. ಬಂದರೆ ತಾನು ಆಡಿದ ಮಾತು ಮರೆತಿದ್ದಾರೆ, ಬಾರದಿದ್ದರೆ ಮರೆತಿಲ್ಲ. ಹಾಗೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಕೊಟ್ಟೂರು ಕಡೆಯಿಂದ ಬರುವ ಮಧ್ಯಾಹ್ನದ ಬಸ್ಸು ನಮ್ಮ ಓಣಿಯ ತಿರುವಿನಲ್ಲಿ ಹಾರ್ನ್ ಹಾಕುತ್ತಿತ್ತು. ಆಗ ಅವಳ ಸೂಜಿ ನಿಲ್ಲುತ್ತಿತ್ತು. ಹೆಜ್ಜೆ ಸಪ್ಪಳ ನಮ್ಮ ಬಾಗಿಲಿಗೆ ಬಾರದೆ ಮುಂದೆ ಹೋದ ಮೇಲೆ ಮತ್ತೆ ನಡೆಯುತ್ತಿತ್ತು. ದಿನವೂ ಹೀಗೆ.

ಯುಗಾದಿಗೆ ನಾಲ್ಕು ದಿನವಿತ್ತು. ಆ ಮಧ್ಯಾಹ್ನ ಬಸ್ಸು ಹಾರ್ನ್ ಹಾಕಿ ಎಷ್ಟೋ ಹೊತ್ತಾದರೂ ಅಕ್ಕನ ಸೂಜಿ ಮತ್ತೆ ಶುರುವಾಗಲಿಲ್ಲ. ಕೌದಿಯ ತೆರೆದ ಮೂಲೆಯೊಳಗೆ ಬೆರಳಿಟ್ಟುಕೊಂಡು ಕೂತಿದ್ದಳು. ಅವಳನ್ನು ನಗಿಸಲೆಂದೇ ನಾನು ಎದ್ದೆ ಎಂದರೆ ಅರ್ಧ ನಿಜ. ದನಿಯೊಂದು ಗಂಟಲಿಗೆ ಬಂದರೆ ನನಗೆ ತಡೆಯಲು ಬರುವುದಿಲ್ಲ ಎಂಬುದು ಇನ್ನರ್ಧ. ಸೆರಗು ಬೇಕಾಗಿತ್ತು. ಕೈಗೆ ಸಿಕ್ಕದ್ದು ಕೌದಿ.

"ಬ್ಯಾಡಲೇ, ಅದರ ಬಾಯಿ ಮುಚ್ಚಿಲ್ಲ!" ಎಂದಳು ಅಕ್ಕ. ಆದರೆ ಅಷ್ಟರಲ್ಲಿ ನಾನು ನಡದ ಮೇಲೆ ಎರಡೂ ಕೈ ಇಟ್ಟು, ಕುತ್ತಿಗೆ ಓರೆ ಮಾಡಿ ಬೀಗತಿಯಾಗಿಬಿಟ್ಟಿದ್ದೆ. ಅವಳಿಗೆ ನಗು ಬಂತು. ಎರಡು ತಿಂಗಳ ಮೇಲೆ ಬಂದ ನಗು.

"ಬಳ್ಳು ಹೋದವವಾ. ಹಿಮ್ಮಡ ಹೋದವು. ಮೊಣಕಾಲು ಕೇಳಬ್ಯಾಡ..." ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿಯೂ ಒಂದು ಕಣ್ಣು ತೆರೆದಳು. ನೆತ್ತಿಯ ತನಕ ಬಂದು ನಿಲ್ಲಿಸಿದ್ದರೆ ಆಗುತ್ತಿತ್ತು. ನಗು ಸಿಕ್ಕಿದ ಮೇಲೆ ನಿಲ್ಲಿಸುವವನು ಎಂಥ ಅನುಕರಣಕಾರ? ಇಲ್ಲದ ಮಾತೊಂದನ್ನು ನಾನೇ ಹುಟ್ಟಿಸಿ ಅದೇ ದನಿಯಲ್ಲಿ ಸೇರಿಸಿದೆ: "ಸೀರಿ ಬೇಕಂತ ಸೀರಿ! ಪೆಟ್ಟಿಗಿ ತೆಗೀಬೇಕಂದ್ರ ನನ್ನ ಕೈ ಹೋದವವಾ. ಈ ಮನ್ಯಾಗ ದಣಿಯಾಕಿ ನಾನೊಬ್ಬಾಕಿ. ನೀ ಯಾವಾಕಿ ದಣಿಯಾಕ?"

ಮೊದಲು ನಿಂತದ್ದು ಅವ್ವನ ನಗು. ಆಮೇಲೆ ಅಕ್ಕನದು. ಅವರಿಬ್ಬರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು.

ಮುಂಬಾಗಿಲು ಬಡಿದರೂ ಯಾರಿಗೂ ಕೇಳದೆ ಬೀಗತಿ ಮನೆ ಪಕ್ಕದ ಸಂದಿಯಿಂದ ಹಿತ್ತಲ ಬಾಗಿಲಿಗೆ ಬಂದಿದ್ದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಒದ್ದೆ ಅರಿವೆಯಲ್ಲಿ ಬೇರು ಸುತ್ತಿದ ಕನಕಾಂಬರದ ಸಸಿಗಳು. ಎಂದೋ ಅವ್ವ ಕೇಳಿದ್ದಳು. ಅವರು ನನ್ನ ಮುಖ ನೋಡಲಿಲ್ಲ. ನನ್ನ ತಲೆಯ ಮೇಲಿನ ಕೌದಿಯನ್ನು ನೋಡಿದರು.

"ಹೊದ್ದುಬಿಟ್ಟನಾ" ಎಂದರು.

ಸಸಿಗಳನ್ನು ಹೊಸ್ತಿಲ ಪಕ್ಕ, ಹುಡುಕಿ ನೆರಳಿರುವ ಕಡೆಗೆ ಇಟ್ಟರು. ಚೀಲ ಇಡಲಿಲ್ಲ. ತಿರುಗಿ ನಡೆದರು. ಅವ್ವ ಚಪ್ಪಲಿಯಿಲ್ಲದೆ ಬಸ್ ನಿಲ್ದಾಣದವರೆಗೆ ಹಿಂದೆ ಓಡಿದಳು. "ನೀರಾದ್ರೂ ಕುಡದು ಹೋಗ್ರಿ" ಎಂದರೆ "ಬಸ್ ನಿಂತೈತ್ರಿ" ಎಂದರಂತೆ. ಅವ್ವ ಅಂಗಾಲು ಸುಟ್ಟುಕೊಂಡು ಬಂದು ಬಚ್ಚಲ ಕಲ್ಲಿನ ಮೇಲೆ ಕೂತಳು.

ಅಕ್ಕ ನನ್ನ ತಲೆಯ ಮೇಲಿಂದ ಕೌದಿ ತೆಗೆದುಕೊಂಡಳು. ಸುಕ್ಕು ನೇವರಿಸಿ, ಸೂಜಿಯನ್ನು ಮತ್ತೆ ಅದೇ ಮೂಲೆಯಲ್ಲಿ ಚುಚ್ಚಿದಳು. "ಸೀರಿ ತಂದಿದ್ರು" ಎಂದಳು. "ಚೀಲದಾಗ ಹಸಿರ ಅಂಚು ಕಾಣತಿತ್ತು."

ಯಾರೂ ನನಗೆ ಬೈಯಲಿಲ್ಲ. ಬೈದಿದ್ದರೆ ಬೈದವರ ದನಿಯನ್ನಾದರೂ ಕಲಿಯುತ್ತಿದ್ದೆ. ಸಂಜೆ ಸಸಿಗಳನ್ನು ಸುಗಂಧರಾಜದ ಪಕ್ಕ ನೆಟ್ಟು ನೀರು ಹಾಕಿದೆ. ಮಾರನೆಯ ದಿನ ಅವು ನನ್ನ ಹಾಗೆಯೇ ತಲೆ ತಗ್ಗಿಸಿ ನಿಂತಿದ್ದವು. (ಈಗ ಆರು ವರ್ಷವಾಯಿತು. ಅವುಗಳ ಮಕ್ಕಳು ಮೊಮ್ಮಕ್ಕಳು ಹಿತ್ತಲ ತುಂಬ ಇದ್ದಾರೆ. ನಾನು ಮಾತ್ರ ಇನ್ನೂ ಅಷ್ಟಾಗಿ ತಲೆಯೆತ್ತಿಲ್ಲ.) ಮೊಗ್ಗು ಬಿಡಿಸಲು ಆ ಬೆಳಿಗ್ಗೆ ಕರೆಯದಿದ್ದರೂ ಎದ್ದೆ. ಮೂರು ಗಿಡ ಮುಗಿಸುವಷ್ಟರಲ್ಲಿ ನನ್ನ ನಡ ಹಿಡಿದುಕೊಂಡಿತು. ಅದನ್ನು ಹೇಳಲು ಬಾಯಿ ತೆರೆದು, ಯಾರ ದನಿಯಲ್ಲಿ ಹೇಳಬೇಕೆಂದು ತಿಳಿಯದೆ ನಾಲ್ಕನೆಯ ಗಿಡಕ್ಕೆ ಕೈ ಹಾಕಿದೆ.

ಚಪ್ಪರದ ಕೆಳಗೆ ಚಾಪೆ ಬೀಳಲಿಲ್ಲ. ಅಜ್ಜಿ ಗೋಡೆಯಾಚೆಯಿಂದ, "ಹೊದ್ದ ಕೌದಿನ ಬಿಚ್ಚಿ ಮತ್ತ ಮೊದಲಿಂದ ಹೊಲೀಬೇಕಾಗ್ತತಿ" ಎಂದಳು. ಅಕ್ಕ ಕತ್ತರಿ ತೆಗೆದುಕೊಂಡು ಕೂತಳು. ಬಿಚ್ಚಬೇಕಾದದ್ದು ಎರಡು ತಿಂಗಳ ಹೊಲಿಗೆ. ಒಂದು ಎಳೆಯ ಕೆಳಗೆ ಕತ್ತರಿಯ ತುದಿ ಇಟ್ಟು, ಹಾಗೆಯೇ ತೆಗೆದಳು.

"ನನಗ ಎರಡು ಬೈದು ಹೋಗಿದ್ರ ಚಲೋ ಇತ್ತು" ಎಂದಳು ನನಗೆ. "ಹಿಂಗ ಸುಮ್ಮನ ಹೋದ್ರ ಕೂಸಿನ್ನ ಕಟ್ಟಿಕೆಂಡು ನಾ ಆ ಮನಿ ಬಾಗಲದಾಗ ಹೆಂಗ ನಿಂದರಲಿ? ನೀನ ತಗಂಡು ಹೋಗು ಇದನ್ನ. ಆಕಿ ಮುಂದ ಇಡು. ಬಿಚ್ಚು ಅಂದ್ರ ಬಿಚ್ತೀನಿ. ತುಂಡು ಕೊಡಂಗಿಲ್ಲ ಅಂದ್ರ ಅದನ್ನಾದ್ರೂ ಬಾಯಿಬಿಟ್ಟು ಅನ್ಲಿ."

ಮರುದಿನ ಬೆಳಿಗ್ಗೆ ಹೊರಟೆ. ಕೌದಿ ಒಂದು ಚೀಲದಲ್ಲಿ. ಅವ್ವ ಕಟ್ಟಿದ ಮೂರು ಮೊಳ ಮಲ್ಲಿಗೆ ಒದ್ದೆ ಬಟ್ಟೆಯಲ್ಲಿ. ಹಗರಿಬೊಮ್ಮನಹಳ್ಳಿಗೆ ಬಸ್ಸು. ಅಲ್ಲಿಂದ ರೈಲು ಹಿಡಿಯೋಣವೆಂದು ಸ್ಟೇಷನ್ನಿಗೆ ಹೋದರೆ ಅದು ಹೋಗಿ ಅರ್ಧ ಗಂಟೆಯಾಗಿತ್ತು. ಯಾವತ್ತೂ ತಡವಾಗಿ ಬರುವ ರೈಲು, ನನಗಾಗಿ ಅಂದು ಹೊತ್ತಿಗೆ ಸರಿಯಾಗಿ ಬಂದಿತ್ತು. ಮತ್ತೆ ಬಸ್ಸು, ನಿಂತುಕೊಂಡೇ. ಪಕ್ಕದ ಗಂಡಸೊಬ್ಬ ಚೀಲದಿಂದ ಇಣುಕುವ ಕೌದಿ ನೋಡಿ, "ಬಾಣಂತಿ ಯಾರಪಾ, ನೀನೇನು?" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ಅವನದೇ ದನಿಯಲ್ಲಿ ಉತ್ತರ ಕೊಡುತ್ತಿದ್ದೆ. "ಹೌದ್ರಿ" ಎಂದೆ. ಬಿಸಿಗೆ ಮೊಗ್ಗುಗಳು ಒದ್ದೆ ಬಟ್ಟೆಯೊಳಗೇ ಬಿರಿಯತೊಡಗಿ ಬಸ್ಸಿನ ತುಂಬ ವಾಸನೆ. ತೂಕಡಿಸುತ್ತಿದ್ದವರು ಕಣ್ಣು ತೆರೆದು ಸುತ್ತ ನೋಡಿ ಮತ್ತೆ ತೂಕಡಿಸಿದರು.

ಬೀಗತಿಯ ಮನೆ ಉದ್ದಕ್ಕಿತ್ತು; ಮುಂಬಾಗಿಲಲ್ಲಿ ನಿಂತರೆ ಹಿತ್ತಲು ಕಾಣುತ್ತದೆ. ಹಿತ್ತಲಲ್ಲಿ ಕನಕಾಂಬರದ ಮಡಿ, ಬಿಸಿಲಿಗೂ ಬಗ್ಗದ ಕೆಂಪು. ಅದರ ಎದುರಿಗೆ, ಬೆಳಕು ಬೀಳುವಲ್ಲಿ, ಹೊಲಿಗೆ ಯಂತ್ರ. ಯಂತ್ರದ ಹಿಂದೆ ಅವರು. ಬಲಗೈಯ ತೋರುಬೆರಳಿಗೆ ಅರಿವೆಯ ಪಟ್ಟಿ ಸುತ್ತಿತ್ತು. ಹಬ್ಬದ ರವಿಕೆಗಳು ಒಂದರ ಮೇಲೊಂದು ಮೊಣಕಾಲೆತ್ತರಕ್ಕೆ ಬಿದ್ದಿದ್ದವು. ರವಿಕೆಗೆ ಬಂದ ಇಬ್ಬರು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು.

"ಬಾ. ಕೂಡು. ನೀರು ಅಲ್ಲೈತಿ" ಎಂದರು, ತಲೆ ಎತ್ತದೆ.

ನೀರು ಕುಡಿದೆ. ಕೌದಿಯನ್ನೂ ಹೂವನ್ನೂ ಅವರ ಮುಂದಿಟ್ಟೆ. ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದೆ. "ಅತ್ತೀ, ಅವತ್ತು ನಂದು..."

"ಅದನ್ನ ಆಮ್ಯಾಲ ಹೇಳುವಂತಿ. ಮೊದಲು ಮಾಡಿ ತೋರಸು."

"ಏನನ್ರಿ?"

"ನನ್ನ."

ಗೋಡೆಯ ಹೆಂಗಸರಿಬ್ಬರೂ ನೆಟ್ಟಗೆ ಕೂತರು. ನನಗೆ ಮೊದಲ ಬಾರಿಗೆ ಗಂಟಲಲ್ಲಿ ಯಾರೂ ಇರಲಿಲ್ಲ. "ನನಗೆ ಬರಂಗಿಲ್ರಿ" ಎಂದೆ. "ಅವತ್ತು ಬರತಿತ್ತಲ್ಲ" ಎಂದರು. ಎದ್ದು, ನಡದ ಮೇಲೆ ಕೈಯಿಟ್ಟು ಶುರು ಮಾಡಿದೆ. "ಬಳ್ಳು ಹೋದವವಾ. ಹಿಮ್ಮಡ ಹೋದವು..." ದನಿ ನಡುಗಿತು. ವಿಚಿತ್ರವೆಂದರೆ, ನಡುಗಿದ್ದರಿಂದ ಅದು ಇನ್ನಷ್ಟು ಅವರದೇ ಆಯಿತು. ಒಬ್ಬ ಹೆಂಗಸು ಸೆರಗು ಕಚ್ಚಿದಳು. ಇನ್ನೊಬ್ಬಳು ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದಳು.

"ಮೊಣಕಾಲು ಆದಮ್ಯಾಲ ನಾ ಒಮ್ಮಿ ಉಸಿರು ಬಿಡ್ತೀನಿ. ನೀ ಬಿಡಲಿಲ್ಲ" ಎಂದರು ಬೀಗತಿ. ಉಸಿರು ಬಿಟ್ಟೆ. ನೆತ್ತಿ ಮುಟ್ಟಿದೆ. ನಿಲ್ಲಿಸಿದೆ.

"ಮುಂದ? ಅವತ್ತು ಕಡೀಗೊಂದು ಮಾತಿತ್ತಲ್ಲ."

ಆ ಮಾತನ್ನೂ ಹೇಳಿದೆ. ಆದರೆ ಅವರ ದನಿಯಲ್ಲಿ ಬರಲಿಲ್ಲ, ನನ್ನದೇ ದನಿಯಲ್ಲಿ ಬಂತು. ಈ ಮನ್ಯಾಗ ದಣಿಯಾಕಿ ನಾನೊಬ್ಬಾಕಿ, ನೀ ಯಾವಾಕಿ ದಣಿಯಾಕ. ಹೆಂಗಸರು ನಗಲಿಲ್ಲ. ಯಂತ್ರ ನಿಂತಿತು.

"ಅದು ನಾ ಆಡಿದ ಮಾತಲ್ಲ" ಎಂದರು.

"ಅಲ್ರಿ. ನಂದು."

"ನಿಂದು." ದಾರ ಕಡಿದು ರವಿಕೆಯನ್ನು ಬದಿ ಹಾಕಿದರು. "ಉಳದದ್ದೆಲ್ಲಾ ಸರಿ ಮಾಡ್ತೀ. ಕೈ ಒಂದು ತಪ್ಪು. ನಡದ ಮ್ಯಾಲ ಇಟ್ಟಗಂಡು ನಿಂತೀದಿ. ದಣದೆ ಅನ್ನೋವಾಗ ನನ್ನ ಕೈ ಯಾವತ್ತು ಸುಮ್ಮನ ಇತ್ತು?"

ಆಗ ನೆನಪಾಯಿತು. ನಮ್ಮ ಕಟ್ಟೆಯ ಮೇಲೆ ಕೂತು ನರಳುವಾಗಲೂ ಅವರ ಮಡಿಲಲ್ಲಿ ಯಾವುದೋ ಅಂಚು, ಯಾವುದೋ ಗುಂಡಿ ಇದ್ದೇ ಇರುತ್ತಿತ್ತು. ಎರಡು ವರ್ಷ ಅವರ ಬಾಯಿಯನ್ನೇ ನೋಡಿದ್ದೆ. ಕೈ ನೋಡಿರಲಿಲ್ಲ.

ಅವರು ಎದ್ದು ಪೆಟ್ಟಿಗೆಯ ಮೇಲಿದ್ದ ಅದೇ ಚೀಲ ತಂದರು. ಹಸಿರು ಅಂಚಿನ ಸೀರೆ. ನನ್ನ ಕೈಗೆ ಕೊಟ್ಟು, "ಮುಟ್ಟು" ಎಂದರು. ಅರಳಿದ ದಾಸವಾಳದ ದಳದಂತೆ ಮೆತ್ತಗಿತ್ತು. "ಹರದ ಸೀರಿ ಎಲ್ಲಾ ಒರಟು. ಇದೊಂದು ಚಲೋ ಇತ್ತು, ಆದ್ರ ಗಂಜಿ ಬಿಟ್ಟಿದ್ದಿಲ್ಲ, ಗಟ್ಟಿ ಇತ್ತು. ಕೂಸಿನ ಗಲ್ಲಕ್ಕ ಒತ್ತತತಿ ಅಂತ ಎರಡು ತಿಂಗಳು ದಿನಾ ಉಟ್ಟು, ದಿನಾ ಒಗದು ಮೆತ್ತಗ ಮಾಡೀನಿ. ಅದಕ್ಕಾ ತಡ ಆತು. ನಿಮ್ಮಕ್ಕಗ ಏನಂತ ಕಾಗದ ಬರೀಲಿ, ಸೀರಿ ಒಗಿಯಾಕತ್ತೀನಿ ಅಂತೇನು?"

"ಆಕಿ ಬಸ್ ಸ್ಟ್ಯಾಂಡಿನಾಗ ಆಡಿದ ಮಾತಿಗೆ ನೀವು..."

"ದಣಿದಾಕಿ ದಣಿದೆ ಅಂದ್ಲು. ಅದಕ್ಕ ನಾ ಏನನ್ಲಿ?"

ಕೌದಿಯನ್ನು ತೆಗೆದುಕೊಂಡರು. ಮೊದಲು ತಿರುವಿ ಹಾಕಿ ಹಿಂಬದಿಯನ್ನು ಹಿತ್ತಲ ಬೆಳಕಿಗೆ ಹಿಡಿದರು. ಒಂದೊಂದೇ ಸಾಲಿನ ಮೇಲೆ ಪಟ್ಟಿ ಸುತ್ತಿದ ಬೆರಳು ನಡೆಯಿತು. ಗಂಟು ಸಿಗಲಿಲ್ಲ. ಸೀರೆಯಿಂದ ಚೌಕದ ತುಂಡು ಕತ್ತರಿಸಿದರು. ಅಡುಗೆಮನೆಯಿಂದ ಚಿಟಿಕೆ ಜೋಳ ತಂದು ಮೂಲೆಯೊಳಗೆ ಹಾಕಿದರು. ನಾನು ತಂದ ಮಾಲೆಯಿಂದ ಒಂದು ಮಲ್ಲಿಗೆ ಬಿಡಿಸಿದರು. ಹಿತ್ತಲಿಗೆ ಇಳಿದು ಒಂದು ಕನಕಾಂಬರವನ್ನೂ ಕಿತ್ತು ತಂದರು. ಎರಡೂ ಒಳಗೆ ಹೋದವು. ಸೂಜಿ ಅಲ್ಲೇ ಚುಚ್ಚಿತ್ತು; ಅಕ್ಕ ಚುಚ್ಚಿದ್ದು. ಅವರು ಅದನ್ನೇ ಎಳೆದುಕೊಂಡರು.

ಗೋಡೆಯ ಹೆಂಗಸರಲ್ಲಿ ಒಬ್ಬಳು ಆಗ ಬಾಯಿ ಹಾಕಿದಳು. ಸುದ್ದಿ ಅವಳಿಗೆ ತಲುಪಿತ್ತು. "ಅಲ್ರೆವಾ, ಇಂವ ಅದನ್ನ ಹೊದ್ದಿದ್ನಂತಲ್ರಿ, ಬಾಯಿ ಮುಚ್ಚಾಕಿಂತ ಮೊದಲಾ! ಹಂಗಾ ಮುಚ್ತೀರೇನು?"

ನಾನು ಹೇಳಬೇಕೆಂದಿದ್ದು, ಹೇಳಲು ಅಂಜಿದ್ದು ಅದೇ. "ಹೌದ್ರಿ ಅತ್ತೀ" ಎಂದೆ. "ಅಕ್ಕ ಅದಕ್ಕಾ ಅಂಜಿ ಕುಂತಾಳ. ನನ್ನ ದಣಿವು ಅದರೊಳಗ ಇಳದಿದ್ರ ಕೂಸಿಗೆ ತಾಕತತಿ ಅಂತ. ಎಲ್ಲಾ ಬಿಚ್ಚಿ ಮತ್ತ ಹೊಲಿ ಅಂದ್ರ ಹೊಲಿತಾಳಂತ."

ಬೀಗತಿ ಸೂಜಿ ಹಿಡಿದ ಕೈಯನ್ನು ನಿಲ್ಲಿಸದೆ ನನ್ನನ್ನು ನೋಡಿದರು. ಅವರ ಕ್ರಮದಲ್ಲೇ ನೋಡಿದರು: ಹೆಬ್ಬೆರಳಿನಿಂದ ಹಿಮ್ಮಡಿ, ಹಿಮ್ಮಡಿಯಿಂದ ಮೊಣಕಾಲು, ಅಲ್ಲೊಂದು ಉಸಿರು, ನಡ, ಹೆಗಲು, ನೆತ್ತಿ. ನಂತರ ಎಳೆಯನ್ನು ಬಿಗಿಯಾಗಿ ಎಳೆದು ಹೇಳಿದರು:

"ಏನೂ ಬಿಚ್ಚೋದು ಬ್ಯಾಡ. ದುಡದವ್ರು ಹೊದ್ರ ದಣಿವು ಇಳೀತತಿ. ನಿನ್ನ ಮೈಯಾಗ ಏನೈತಂತ ಇಳೀಬೇಕು?"